ಕ್ಲಾಸಿನಲ್ಲಿ ಬಾಯಿ ಬಿಡದಿದ್ದರೆ ಅಂಕ ಹೋಗುತ್ತದೆ: ನಿಮ್ಮ ಅನುಭವ ಹೇಳಿ

ಕೇಳಿದವರು: ಎಂ.ಎ. ಮೊದಲ ಸೆಮಿಸ್ಟರ್ ವಿದ್ಯಾರ್ಥಿನಿ

ನಾನು ಕಡೂರಿನ ಹತ್ತಿರದ ಹಳ್ಳಿಯವಳು. ಪಿಯುಸಿವರೆಗೆ ಕನ್ನಡ ಮಾಧ್ಯಮ. ಈಗ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಡಿಗ್ರಿಯಲ್ಲಿ ಇಂಟರ್ನಲ್ಸ್ ಅಂದರೆ ಎರಡು ಟೆಸ್ಟ್, ಒಂದು ಅಸೈನ್‌ಮೆಂಟ್, ಅಟೆಂಡೆನ್ಸ್. ಅಷ್ಟೇ ಇತ್ತು. ಇಲ್ಲಿ ಒಂದು ಕೋರ್ಸಿನಲ್ಲಿ 100ಕ್ಕೆ 15 ಅಂಕ ಕ್ಲಾಸ್ ಪಾರ್ಟಿಸಿಪೇಷನ್‌ಗೆ ಇಟ್ಟಿದ್ದಾರೆ. ವಾರ ವಾರ ಬರೆಯುವ ಟಿಪ್ಪಣಿಗೆ 25, ಮಿಡ್‌ಟರ್ಮ್‌ಗೆ 20, ಕೊನೆಯ ಪರೀಕ್ಷೆಗೆ 40.

ಮೊನ್ನೆ ಅರ್ಧ ಸೆಮಿಸ್ಟರಿನ ಅಂಕ ಹಾಕಿದರು. ಪಾರ್ಟಿಸಿಪೇಷನ್‌ನಲ್ಲಿ ನನಗೆ 15ಕ್ಕೆ 4. ಇದುವರೆಗೆ ಒಂದು ಕ್ಲಾಸೂ ತಪ್ಪಿಸಿಲ್ಲ. ಕೊಟ್ಟಿದ್ದನ್ನೆಲ್ಲ ಓದಿಕೊಂಡೇ ಹೋಗುತ್ತೇನೆ. ಆದರೆ ಮಾತಾಡಿಲ್ಲ. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಚರ್ಚೆ ಎಲ್ಲೋ ಮುಂದೆ ಹೋಗಿರುತ್ತದೆ. ಮೇಡಂ ಹತ್ತಿರ ಹೋಗಿ ಕೇಳಬಹುದಾ? ಅಂಕಕ್ಕೋಸ್ಕರ ಜಗಳಕ್ಕೆ ಬಂದಳು ಅಂದುಕೊಳ್ಳುತ್ತಾರಾ? ಇನ್ನು ಏಳು ವಾರ ಉಳಿದಿದೆ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಉತ್ತರ: ತಿಪಟೂರಿನ ಕಡೆಯವನು, ಈಗ ಜೆ.ಪಿ. ನಗರ

ಹೋಗಿ ಕೇಳಿ. ಈ ವಾರವೇ ಹೋಗಿ. ‘ಯಾಕೆ 4 ಕೊಟ್ಟಿರಿ’ ಅಂತ ಶುರು ಮಾಡಬೇಡಿ. ‘ಉಳಿದ ಏಳು ವಾರ ನಾನು ಏನು ಮಾಡಿದರೆ ನಿಮ್ಮ ಲೆಕ್ಕಕ್ಕೆ ಬರುತ್ತದೆ’ ಅಂತ ಕೇಳಿ. ನಾನು ಇದನ್ನು ಕೇಳದೆ ಒಂದು ಇಡೀ ಸೆಮಿಸ್ಟರ್ ಕಳೆದುಕೊಂಡೆ.

ನಾನೂ ಹಳ್ಳಿಯಿಂದ ಬಂದು ಇಲ್ಲಿ ಎಂ.ಎ. ಮಾಡಿದವನು. ಪಾರ್ಟಿಸಿಪೇಷನ್ ಅಂದರೆ ಹಾಜರಿ ಅಂತಲೇ ತಿಳಿದಿದ್ದೆ. ಮಳೆ ಬರಲಿ, ಬಸ್ ಕೆಟ್ಟು ನಿಲ್ಲಲಿ, ಮೊದಲ ಪೀರಿಯಡ್ಡಿಗೆ ಕಿಟಕಿ ಪಕ್ಕದ ಮೂರನೇ ಬೆಂಚಿನಲ್ಲಿ ಕೂತಿರುತ್ತಿದ್ದೆ. ಸೆಮಿಸ್ಟರ್ ಕೊನೆಗೆ 20ಕ್ಕೆ 3 ಬಂತು. ಒಟ್ಟು 69. ನಮ್ಮಲ್ಲಿ 70 ಬಂದರೆ ಗ್ರೇಡ್ ಪಾಯಿಂಟ್ 8, ಅದಕ್ಕಿಂತ ಒಂದು ಕಡಿಮೆ ಆದರೂ 7. ಅದು 4 ಕ್ರೆಡಿಟ್‌ನ ಕೋರ್ಸ್. ಆ ಸೆಮಿಸ್ಟರಿನಲ್ಲಿ ಒಟ್ಟು 20 ಕ್ರೆಡಿಟ್ ಇತ್ತು. ಲೆಕ್ಕ ಹಾಕಿ ನೋಡಿ: ಒಂದೇ ಒಂದು ಅಂಕಕ್ಕೆ ಎಸ್‌ಜಿಪಿಎಯಲ್ಲಿ, ಅಂದರೆ ಆ ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟಿನಲ್ಲಿ, 0.2 ಹೋಯಿತು. ಇಡೀ ಸೆಮಿಸ್ಟರಿನಲ್ಲಿ ಎರಡು ಸಲ ಬಾಯಿ ಬಿಟ್ಟಿದ್ದರೂ ಆ ಒಂದು ಅಂಕ ಸಿಗುತ್ತಿತ್ತು. ಆ ರಾತ್ರಿ ಹಾಸ್ಟೆಲ್ಲಿನಲ್ಲಿ ನಿದ್ದೆ ಬರಲಿಲ್ಲ.

ಎರಡನೇ ಸೆಮಿಸ್ಟರಿನಲ್ಲಿ ಅದೇ ಸರ್ ಮತ್ತೆ ಬಂದರು. ಮೊದಲ ವಾರವೇ ಅವರ ರೂಮಿಗೆ ಹೋದೆ. ಬಾಗಿಲಲ್ಲಿ ಎರಡು ನಿಮಿಷ ನಿಂತೇ ಇದ್ದೆ. ಒಳಗೆ ಕರೆದು ಕೂರಿಸಿ ಅವರು ಕೇಳಿದ್ದು ಒಂದೇ: ‘ಓದುವಾಗ ನಿಮಗೆ ಎಲ್ಲಿ ಅರ್ಥ ಆಗುವುದಿಲ್ಲ? ಅದನ್ನೇ ಕ್ಲಾಸಿನಲ್ಲಿ ಕೇಳಿ. ನನಗೆ ಅದೂ ಪಾರ್ಟಿಸಿಪೇಷನ್ನೇ.’ ನಾನು ಅಲ್ಲಿಯವರೆಗೆ ಗೊತ್ತಿರುವವರು ಮಾತ್ರ ಮಾತಾಡಬೇಕು ಅಂದುಕೊಂಡಿದ್ದೆ. ಗೊತ್ತಿಲ್ಲ ಅನ್ನುವುದಕ್ಕೂ ಅಂಕ ಇದೆ ಅಂತ ಅವತ್ತೇ ಗೊತ್ತಾಗಿದ್ದು.

ಆಮೇಲೆ ಹೀಗೆ ಮಾಡಿದೆ. ಹಿಂದಿನ ರಾತ್ರಿ ಓದುವಾಗ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಬರೆದುಕೊಳ್ಳುತ್ತಿದ್ದೆ. ಮೊದಲು ಕನ್ನಡದಲ್ಲಿ. ಯಾಕೆಂದರೆ ಪ್ರಶ್ನೆ ಹುಟ್ಟುವುದೇ ಕನ್ನಡದಲ್ಲಿ ಅಲ್ವಾ? ಆಮೇಲೆ ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಒಂದೇ ಸಾಲು. ಪುಟದ ನಂಬರ್ ಪಕ್ಕದಲ್ಲಿ. ‘ಪುಟ 14ರಲ್ಲಿ ಹೀಗಿದೆ, ಆದರೆ ಪುಟ 9ರಲ್ಲಿ ಹಾಗೆ ಹೇಳಿದ್ದಾರಲ್ಲ, ಹೇಗೆ?’ ಇಷ್ಟು ಕೇಳಲು ದೊಡ್ಡ ಇಂಗ್ಲಿಷ್ ಬೇಕಿಲ್ಲ. ಪುಟದ ನಂಬರ್ ಹೇಳಿದ ತಕ್ಷಣ ಎಲ್ಲರೂ ಆ ಪುಟ ತೆಗೆಯುತ್ತಾರೆ. ನಿಮಗೆ ಉಸಿರು ತೆಗೆದುಕೊಳ್ಳಲು ಅಷ್ಟು ಹೊತ್ತು ಸಾಕು.

ಇನ್ನೊಂದು ಮುಖ್ಯ ವಿಷಯ. ಮೊದಲ ಹತ್ತು ನಿಮಿಷದೊಳಗೆ ಮಾತಾಡಿಬಿಡಿ. ನೀವೇ ಬರೆದಿದ್ದೀರಲ್ಲ, ಚರ್ಚೆ ಮುಂದೆ ಹೋಗಿಬಿಡುತ್ತದೆ ಅಂತ. ಶುರುವಿನಲ್ಲಿ ಅದು ಇನ್ನೂ ಎಲ್ಲಿಗೂ ಹೋಗಿರುವುದಿಲ್ಲ. ಒಮ್ಮೆ ಮಾತಾಡಿದರೆ ಎದೆ ಬಡಿತ ಇಳಿಯುತ್ತದೆ. ಉಳಿದ ಕ್ಲಾಸ್ ನೆಮ್ಮದಿಯಾಗಿ ಕೇಳಬಹುದು.

ಒಂದು ದಿನದ ಕತೆ ಹೇಳಲೇಬೇಕು. ಬೆಲೆ ಏರಿದರೆ ಪೂರೈಕೆ ಜಾಸ್ತಿ ಆಗುತ್ತದೆ ಅನ್ನುವ ಪಾಠ ನಡೆಯುತ್ತಿತ್ತು. ಎಲ್ಲರೂ ರೇಖೆ, ಇಳಿಜಾರು ಅಂತ ಮಾತಾಡುತ್ತಿದ್ದರು. ನಮ್ಮದು ಕೊಬ್ಬರಿ ಬೆಳೆಯುವ ಊರು. ಉಂಡೆ ಕೊಬ್ಬರಿ ಬೇಕಾದರೆ ಬಲಿತ ಕಾಯಿಯನ್ನು ಅಟ್ಟದ ಮೇಲೆ ಸುಮಾರು ಹತ್ತು ಹನ್ನೊಂದು ತಿಂಗಳು ಇಡಬೇಕು. ಒಳಗಿನ ನೀರು ತಾನಾಗಿ ಇಂಗಬೇಕು. ಅಲ್ಲಾಡಿಸಿದರೆ ಒಳಗೆ ಗಟಗಟ ಸದ್ದು ಬರಬೇಕು. ಇವತ್ತು ರೇಟು ಏರಿತು ಅಂತ ಇವತ್ತು ಕೊಬ್ಬರಿ ಮಾಡಲು ಆಗುವುದಿಲ್ಲ. ಆಗಲೇ ಅಟ್ಟದ ಮೇಲೆ ಕೊಬ್ಬರಿ ಇದ್ದವನು ಮಾತ್ರ ಮಾರುತ್ತಾನೆ. ಅದನ್ನು ಹೇಳಬೇಕು ಅನ್ನಿಸಿತು. ಆದರೆ ಅಟ್ಟಕ್ಕೆ ಸರಿಯಾದ ಇಂಗ್ಲಿಷ್ ಪದ ಬಾಯಿಗೆ ಬರಲಿಲ್ಲ. ಸರ್ ಸೀಮೆಸುಣ್ಣ ಕೊಟ್ಟರು. ಬೋರ್ಡಿನ ಮೇಲೆ ಮನೆ ಬರೆದೆ, ತೊಲೆ ಬರೆದೆ, ಮೇಲೆ ಕಾಯಿ ರಾಶಿ ಬರೆದೆ. ‘ಅಟ್ಟ’ ಅಂತ ಕನ್ನಡದಲ್ಲೇ ಬರೆದೆ.

ದೆಹಲಿಯಿಂದ ಬಂದಿದ್ದ ಹುಡುಗಿಯೊಬ್ಬಳು ಕೇಳಿದಳು, ‘ಹಾಗಾದರೆ ರೇಟು ಇನ್ನೂ ಏರುವವರೆಗೆ ಎಲ್ಲರೂ ಕಾಯುತ್ತಾರಾ?’ ಇಲ್ಲ ಅಂದೆ. ಮಗಳ ಮದುವೆ ಇದ್ದವರು, ಸಾಲದ ಕಂತು ಇದ್ದವರು ಕಾಯಲು ಆಗುವುದಿಲ್ಲ. ಕಾಯುವ ಶಕ್ತಿ ಇದ್ದವರಿಗೇ ಒಳ್ಳೆ ರೇಟು. ಇಪ್ಪತ್ತು ನಿಮಿಷ ಚರ್ಚೆ ಅದರ ಮೇಲೇ ನಡೆಯಿತು. ಅಪ್ಪ ಬೆಳಗ್ಗೆ ಎದ್ದು ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ನೋಡುತ್ತಿದ್ದದ್ದು ಒಂದು ಪಾಠ ಆಗಬಹುದು ಅಂತ ನನಗೆ ಎಂದೂ ಹೊಳೆದಿರಲಿಲ್ಲ. ಆ ಸಲ 20ಕ್ಕೆ 16 ಬಂತು.

ನಿಮ್ಮ ಊರಿನಲ್ಲೂ ಇಂಥದ್ದು ಇದ್ದೇ ಇರುತ್ತದೆ. ಹುಡುಕಿ.

ಉತ್ತರ: ಇಂಜಿನಿಯರಿಂಗ್ ಆರನೇ ಸೆಮಿಸ್ಟರ್, ವಿಟಿಯು

ನಮ್ಮಲ್ಲಿ ಮಾತಿಗೆ ಅಂತ ಬೇರೆ ಅಂಕ ಇಲ್ಲ. ಆದರೆ ನಿಯಮವನ್ನು ಮೊದಲೇ ಪೂರ್ತಿ ಓದಿಕೊಳ್ಳದಿದ್ದರೆ ಏನಾಗುತ್ತದೆ ಅಂತ ಹೇಳುತ್ತೇನೆ. ಥಿಯರಿ ವಿಷಯದಲ್ಲಿ ಸಿಐಇ, ಅಂದರೆ ಇಂಟರ್ನಲ್ಸ್, 50ಕ್ಕೆ. ಅದರಲ್ಲಿ ಕನಿಷ್ಠ 20 ಬೇಕು. ಸೆಮಿಸ್ಟರ್ ಪರೀಕ್ಷೆ 100ಕ್ಕೆ ಬರೆದರೂ 50ಕ್ಕೆ ಇಳಿಸುತ್ತಾರೆ. ಅದರಲ್ಲಿ ಕನಿಷ್ಠ 18. ನನ್ನ ರೂಮ್‌ಮೇಟ್ 20 ಮತ್ತು 18 ತೆಗೆದು ಪಾಸಾದೆ ಅಂತ ಮನೆಗೆ ಫೋನ್ ಮಾಡಿದ. ಕೂಡಿದರೆ 38. ಎರಡೂ ಸೇರಿ 40 ಬೇಕು. ಎರಡು ಕಡೆಯೂ ದಾಟಿ ಒಟ್ಟಿನಲ್ಲಿ ನಿಂತುಬಿಟ್ಟ.

ಹಾಜರಿಯೂ ಹಾಗೇ. 85 ಪರ್ಸೆಂಟ್ ಬೇಕು. ಸರಿಯಾದ ಕಾರಣ, ದಾಖಲೆ ಇದ್ದರೆ ಪ್ರಿನ್ಸಿಪಾಲ್ ಶಿಫಾರಸಿನ ಮೇಲೆ 75ರವರೆಗೆ ರಿಯಾಯಿತಿ ಸಿಗಬಹುದು. ಸಿಲ್ಕ್ ಬೋರ್ಡ್ ಟ್ರಾಫಿಕ್ ಸರಿಯಾದ ಕಾರಣ ಅಲ್ಲ. ಮೊದಲ ಪೀರಿಯಡ್ ತಪ್ಪಿಸಿಕೊಂಡವರೇ ನಮ್ಮಲ್ಲಿ ಜಾಸ್ತಿ ಶಾರ್ಟೇಜ್ ಆದವರು. ನಿಮಗೆ ಆ ಚಿಂತೆ ಇಲ್ಲ, ಅದೇ ದೊಡ್ಡದು. ಕೋರ್ಸ್ ಔಟ್‌ಲೈನ್‌ನಲ್ಲಿ ಪಾರ್ಟಿಸಿಪೇಷನ್ ಅಂದರೆ ಏನು ಅಂತ ಬರೆದಿದೆಯಾ ನೋಡಿ. ಇದ್ದರೆ ಪ್ರಿಂಟ್ ತೆಗೆದುಕೊಂಡು ಹೋಗಿ.

ಉತ್ತರ: ಕಾಲೇಜು ಅಧ್ಯಾಪಕಿ, ಬಸವನಗುಡಿ

ಮೇಜಿನ ಈ ಕಡೆಯಿಂದ ಸ್ವಲ್ಪ ಹೇಳುತ್ತೇನೆ. 19 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಪಾರ್ಟಿಸಿಪೇಷನ್ ಅಂಕ ಕೊಡುವುದರಲ್ಲಿ ನಾನು ತಪ್ಪು ಮಾಡಿದ್ದೇನೆ. ಅದನ್ನು ಹೇಳಿದರೆ ನಿಮಗೆ ಧೈರ್ಯ ಬರಬಹುದು.

ಮೊದಲ ಕೆಲವು ವರ್ಷ ಸೆಮಿಸ್ಟರ್ ಕೊನೆಯಲ್ಲಿ ಹೆಸರಿನ ಪಟ್ಟಿ ಮುಂದೆ ಇಟ್ಟುಕೊಂಡು ನೆನಪಿನಿಂದ ಅಂಕ ಹಾಕುತ್ತಿದ್ದೆ. 60 ಜನರ ಕ್ಲಾಸ್. ನೆನಪಿಗೆ ಬರುತ್ತಿದ್ದದ್ದು ಎಂಟು ಹತ್ತು ಮುಖ. ಜೋರಾಗಿ ಮಾತಾಡಿದವರು, ಮುಂದೆ ಕೂತವರು. ಒಂದು ವರ್ಷ ಒಬ್ಬ ಹುಡುಗನಿಗೆ 10ಕ್ಕೆ 2 ಹಾಕಿದೆ. ಆಮೇಲೆ ಅವನ ಉತ್ತರ ಪತ್ರಿಕೆ ತಿದ್ದಲು ಕೂತೆ. ನಾನು ಕ್ಲಾಸಿನಲ್ಲಿ ಹೇಳಿದ ಒಂದು ಉದಾಹರಣೆ ತಪ್ಪಾಗಿತ್ತು. ಅದನ್ನು ಹಿಡಿದು, ಸರಿಯಾದದ್ದು ಏನು ಅಂತ ಅವನೊಬ್ಬನೇ ಬರೆದಿದ್ದ. ಅಷ್ಟು ಗಮನ ಕೊಟ್ಟು ಕೇಳಿದವನಿಗೆ ನಾನು 2 ಕೊಟ್ಟಿದ್ದೆ. ಅಂಕಪಟ್ಟಿ ಆಗಲೇ ಮೇಲಿನವರಿಗೆ ಕಳಿಸಿ ಆಗಿತ್ತು. ಇವತ್ತಿಗೂ ಅದು ಚುಚ್ಚುತ್ತದೆ.

ಅಲ್ಲಿಂದ ಬದಲಾಯಿಸಿದೆ. ಕ್ಲಾಸ್ ಮುಗಿದ ತಕ್ಷಣ, ಸ್ಟಾಫ್ ರೂಮಿಗೆ ಹೋಗುವ ಮೊದಲೇ, ಅಲ್ಲೇ ನಿಂತು ರಿಜಿಸ್ಟರಿನಲ್ಲಿ ಗುರುತು ಹಾಕುತ್ತೇನೆ. ಪ್ರಶ್ನೆ ಕೇಳಿದವರಿಗೆ ‘ಪ್ರ’. ಓದಿದ್ದನ್ನು ತಂದು ಜೋಡಿಸಿದವರಿಗೆ ‘ಓ’. ಇನ್ನೊಬ್ಬರ ಮಾತನ್ನು ಮುಂದುವರಿಸಿದವರಿಗೆ ‘ಮು’. ಸುಮ್ನೆ ಹೊತ್ತು ತುಂಬಿಸಲು ಮಾತಾಡಿದರೆ ಗುರುತು ಇಲ್ಲ. ಕೊನೆಯ ಮೂರು ನಿಮಿಷ ಎಲ್ಲರಿಗೂ ಒಂದೊಂದು ಚೀಟಿ. ಇವತ್ತು ಗೊಂದಲ ಆಗಿದ್ದು ಏನು, ಒಂದು ಸಾಲು ಬರೆಯಿರಿ ಅನ್ನುತ್ತೇನೆ. ಕನ್ನಡದಲ್ಲಿ ಬರೆದರೂ ಸರಿ. ಮನೆಗೆ ಹೋಗುವಾಗ ಮೆಟ್ರೋದಲ್ಲಿ ಕೂತು ಓದುತ್ತೇನೆ. ಮಾತಾಡದ ಮಕ್ಕಳ ಚೀಟಿಯಲ್ಲೇ ಒಳ್ಳೊಳ್ಳೆ ಪ್ರಶ್ನೆ ಸಿಗುತ್ತವೆ. ಮರುದಿನ ಅವರ ಹೆಸರು ಹೇಳಿ ಕ್ಲಾಸ್ ಶುರು ಮಾಡುತ್ತೇನೆ.

ಇನ್ನೊಂದು. ಮೇರಿ ಬಡ್ ರೋ ಅಂತ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸುಗಳ ರೆಕಾರ್ಡಿಂಗ್ ಕೇಳಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದ ಆದವು, ಸುಮ್ಮನಿದ್ದ ಮಕ್ಕಳೂ ಬಾಯಿ ತೆರೆದರು. ಇನ್ನೊಂದು ಭಾಷೆಯಲ್ಲಿ ವಾಕ್ಯ ಜೋಡಿಸಬೇಕಾದವರಿಗೆ ಮೂರು ಸೆಕೆಂಡೂ ಸಾಲದು. ಆದ್ದರಿಂದ ತೊಂದರೆ ನಿಮ್ಮದೊಂದೇ ಅಲ್ಲ. ನಾವೂ ಕಾಯಬೇಕು. ನಿಮ್ಮ ಮೇಡಂಗೆ ‘ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ, ನನ್ನ ಕಡೆ ಮತ್ತೆ ತಿರುಗಿ ನೋಡುತ್ತೀರಾ’ ಅಂತ ನೇರವಾಗಿ ಹೇಳಿ. ಹೇಳಿದ ಮಕ್ಕಳ ಮೇಲೆ ನನಗೆ ಯಾವತ್ತೂ ಬೇಸರ ಆಗಿಲ್ಲ.

ನಿಮ್ಮಲ್ಲಿ ರಿಲೇಟಿವ್ ಗ್ರೇಡಿಂಗ್, ಅಂದರೆ ಕ್ಲಾಸಿನ ಉಳಿದವರಿಗೆ ಹೋಲಿಸಿ ಗ್ರೇಡ್ ಕೊಡುವ ಪದ್ಧತಿ, ಇದೆಯಾ ಅಂತಲೂ ಕೇಳಿಕೊಳ್ಳಿ. ಹಾಗಿದ್ದರೆ ಈ 15 ಅಂಕದ ತೂಕ ಕಾಣುವುದಕ್ಕಿಂತ ಜಾಸ್ತಿ. ಪರೀಕ್ಷೆಯಲ್ಲಿ ಬಹಳ ಜನ 40ಕ್ಕೆ 28ರಿಂದ 33ರ ಒಳಗೇ ಇದ್ದಾರೆ ಅಂದುಕೊಳ್ಳಿ. ಪಾರ್ಟಿಸಿಪೇಷನ್‌ನಲ್ಲಿ ಒಬ್ಬರಿಗೆ 4, ಇನ್ನೊಬ್ಬರಿಗೆ 13. ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಅಂತ ತೀರ್ಮಾನ ಮಾಡುವುದು ಆಗ ಇದೇ.

ಉತ್ತರ: ಹೆಸರು ಬೇಡ, ಮಲ್ಲೇಶ್ವರ

ನನಗೆ ಉಗ್ಗು ಇದೆ. ಚಿಕ್ಕಂದಿನಿಂದ. ‘ಪ’ ಮತ್ತು ‘ಮ’ದಲ್ಲಿ ಶುರು ಆಗುವ ಮಾತು ಸಿಕ್ಕಿಹಾಕಿಕೊಳ್ಳುತ್ತದೆ. ಡಿಗ್ರಿಯಲ್ಲಿ ಸೆಮಿನಾರ್ ಇತ್ತು, 10 ಅಂಕ. ನನ್ನ ಸರದಿ ದಿನ ಹೊಟ್ಟೆನೋವು ಅಂತ ರಜೆ ಹಾಕಿದೆ. ಎರಡು ಸಲ ಹಾಗೇ ಮಾಡಿದೆ.

ಮೂರನೇ ಸಲ ಅಕ್ಕ ಜೊತೆಗೆ ಬಂದಳು. ಅಧ್ಯಾಪಕರಿಗೆ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಬಾಯಲ್ಲಿ ಹೇಳಲು ಆಗಲಿಲ್ಲ. ಅವರು ಓದಿ, ‘ನಾಲ್ಕು ಜನರ ಮುಂದೆ ಮಾಡುತ್ತೀರಾ? ಯಾರು ಆ ನಾಲ್ಕು ಜನ ಅಂತ ನೀವೇ ಆರಿಸಿ’ ಅಂದರು. ಗೆಳತಿಯರನ್ನೇ ಕರೆದೆ. 12 ನಿಮಿಷದ ಸೆಮಿನಾರ್ 25 ನಿಮಿಷ ಆಯಿತು. ಯಾರೂ ನನ್ನ ಮಾತನ್ನು ಮಧ್ಯದಲ್ಲಿ ಪೂರ್ತಿ ಮಾಡಲಿಲ್ಲ. ಅದೇ ನನಗೆ ಬೇಕಿದ್ದದ್ದು.

ಇದನ್ನು ಓದುವವರಲ್ಲಿ ನನ್ನಂಥವರು ಇದ್ದರೆ, ಸೆಮಿಸ್ಟರ್ ಶುರುವಿನಲ್ಲೇ ಬರೆದುಕೊಡಿ. ನಮ್ಮಂಥವರಿಗೆ ನೆರವಾಗುವ ಸಮಾನ ಅವಕಾಶ ಘಟಕ ನಿಮ್ಮ ಸಂಸ್ಥೆಯಲ್ಲಿ ಇದೆಯಾ ವಿಚಾರಿಸಿ. ಅಂಕ ಹಾಕಿದ ಮೇಲೆ ಹೋದರೆ ಅವರಿಗೂ ಕಷ್ಟ, ನಮಗೂ ಕಷ್ಟ.

ಉತ್ತರ: ಕಾನೂನು ವಿದ್ಯಾರ್ಥಿ, ನಾಗರಭಾವಿ

ನನಗೆ ಮೇಲಿನ ಎಲ್ಲರ ಮಾತು ಒಪ್ಪಿಗೆ. ಆದರೂ ಒಂದು ಮಾತು. ಚೆನ್ನಾಗಿ ಇಂಗ್ಲಿಷ್ ಬರುವ ಮನೆಯಿಂದ ಬಂದವರಿಗೆ ಈ 15 ಅಂಕ ಮೊದಲ ದಿನವೇ ಅರ್ಧ ಕೈಗೆ ಬಂದಿರುತ್ತದೆ. ನಮಗೆ ಹಾಗಲ್ಲ. ಅದಕ್ಕೇ ಅಳತೆಗೋಲು ಬರಹದಲ್ಲಿ ಇರಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಏನು ಮಾಡಿದರೆ ಎಷ್ಟು ಅಂತ ಗೊತ್ತಿಲ್ಲದ ಅಂಕಕ್ಕೆ ಯಾರೂ ತಯಾರಿ ಮಾಡಲು ಆಗುವುದಿಲ್ಲ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಬಗ್ಗೆ ನಿಯಮ ತಂದಿದೆ. ಪ್ರತಿ ಸಂಸ್ಥೆಯಲ್ಲೂ ಕುಂದುಕೊರತೆ ಸಮಿತಿ ಇರಬೇಕು. ಅದರ ಮೇಲೆ ಮೇಲ್ಮನವಿ ಕೇಳಲು ಒಂಬುಡ್ಸ್‌ಪರ್ಸನ್ ಇರಬೇಕು. ಮೌಲ್ಯಮಾಪನ ಪಾರದರ್ಶಕವಾಗಿಲ್ಲ ಅನ್ನುವುದೂ ಅದರಲ್ಲಿ ಕುಂದುಕೊರತೆಯೇ. ಆದರೆ ಇದು ಮೊದಲ ಮೆಟ್ಟಿಲಲ್ಲ. ಮೊದಲು ಮೇಡಂ, ಆಮೇಲೆ ಎಚ್‌ಓಡಿ. ಮಾತಾಡಿದ ದಿನ ಸಂಜೆಯೇ ಒಂದು ಸಣ್ಣ ಮೇಲ್ ಹಾಕಿ: ಇವತ್ತು ನೀವು ಹೀಗೆ ಹೇಳಿದಿರಿ, ನಾನು ಹೀಗೆ ಮಾಡುತ್ತೇನೆ, ಧನ್ಯವಾದ. ಜಗಳಕ್ಕೆ ಅಲ್ಲ, ಇಬ್ಬರಿಗೂ ನೆನಪಿಗೆ ಇರಲಿ ಅಂತ. ದಿನಾಂಕ ಹಾಕಿ ಒಂದು ಡೈರಿಯೂ ಇಡಿ. ಯಾವ ಕ್ಲಾಸಿನಲ್ಲಿ ಏನು ಕೇಳಿದೆ, ಒಂದು ಸಾಲು ಸಾಕು.

ಉತ್ತರ: ತಿಪಟೂರಿನ ಕಡೆಯವನು, ಜೆ.ಪಿ. ನಗರ

ಡೈರಿಯ ಮಾತು ನಿಜ. ನಾನು ಇಡಲಿಲ್ಲ, ಇಡಬೇಕಿತ್ತು. ಮತ್ತೆ ಒಂದು ಸೇರಿಸುತ್ತೇನೆ: ಕ್ಲಾಸಿನಲ್ಲಿ ಒಬ್ಬರ ಜೊತೆ ಒಪ್ಪಂದ ಮಾಡಿಕೊಳ್ಳಿ. ನನ್ನ ಪಕ್ಕ ರಾಯಚೂರಿನ ಗೆಳೆಯ ಕೂರುತ್ತಿದ್ದ. ಅವನು ಕೈ ಎತ್ತಿದರೆ ಅದರ ಮೇಲೆ ನಾನು ಒಂದು ಮಾತು ಸೇರಿಸಬೇಕು, ನಾನು ಎತ್ತಿದರೆ ಅವನು. ಒಬ್ಬನೇ ನೀರಿಗೆ ಇಳಿಯುವುದು ಬೇರೆ, ಇಬ್ಬರು ಇಳಿಯುವುದು ಬೇರೆ.

ಕೇಳಿದವರು: ಎಂ.ಎ. ಮೊದಲ ಸೆಮಿಸ್ಟರ್ ವಿದ್ಯಾರ್ಥಿನಿ

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಸಲ ಓದಿದೆ. ಮಲ್ಲೇಶ್ವರದವರ ಮಾತು ಓದುವಾಗ ಅಳು ಬಂತು.

ಸೋಮವಾರ ಮೇಡಂ ಹತ್ತಿರ ಹೋದೆ. ತಿಪಟೂರಿನವರು ಹೇಳಿದ ಹಾಗೇ ಕೇಳಿದೆ. ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಕುರ್ಚಿ ತೋರಿಸಿ ನನ್ನ ಟಿಪ್ಪಣಿಗಳನ್ನು ಕಂಪ್ಯೂಟರಿನಲ್ಲಿ ತೆಗೆದರು. ಮೂರನೇ ವಾರದ ಟಿಪ್ಪಣಿಯ ಒಂದು ಪ್ಯಾರಾ ತೋರಿಸಿ, ‘ಇದನ್ನು ಆ ದಿನ ಕ್ಲಾಸಿನಲ್ಲಿ ಹೇಳಿದ್ದರೆ ಚರ್ಚೆಯೇ ಬೇರೆ ಕಡೆ ಹೋಗುತ್ತಿತ್ತು’ ಅಂದರು. 4 ಅಂಕ ಬಂದಿದ್ದು ಗುಂಪು ಚಟುವಟಿಕೆಗೆ ಅಂತೆ. ಇನ್ನು ಮೇಲೆ ವಾರಕ್ಕೆ ಒಂದು ಮಾತು ಸಾಕು, ಪದ ಸಿಗದಿದ್ದರೆ ಕನ್ನಡದ್ದೇ ಬಳಸಿ ಅಂದರು. ಗ್ರೇಡಿಂಗ್ ರಿಲೇಟಿವ್ ಅಲ್ಲ, ಅದನ್ನೂ ಕೇಳಿಕೊಂಡೆ. ಸಂಜೆ ಮೇಲ್ ಹಾಕಿದೆ. ಹತ್ತು ನಿಮಿಷಕ್ಕೇ ಉತ್ತರ ಬಂತು.

ಈ ಗುರುವಾರ ಎಲಿನಾರ್ ಆಸ್ಟ್ರಾಂ ಅವರ ಬರಹ ಇದೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಎಲ್ಲರಿಗೂ ಸೇರಿದ ನೀರು, ಹುಲ್ಲುಗಾವಲು ಹಾಳಾಗಲೇಬೇಕು ಅಂತಿಲ್ಲ, ಬಳಸುವ ಜನರೇ ನಿಯಮ ಮಾಡಿಕೊಂಡು ಕಾಯಬಲ್ಲರು ಅನ್ನುತ್ತಾರೆ. ಓದುತ್ತಾ ಓದುತ್ತಾ ನಮ್ಮೂರ ಕೆರೆ ನೆನಪಾಯಿತು. ರಾತ್ರಿ ಅಜ್ಜಿಗೆ ಫೋನ್ ಮಾಡಿದೆ. ಹಿಂದೆ ನೀರಗಂಟಿ ಇದ್ದರಂತೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿ ಬಿಡುತ್ತಿದ್ದದ್ದು ಅವರೇ. ಸುಗ್ಗಿಯಲ್ಲಿ ಎಲ್ಲರ ಕಣದಿಂದಲೂ ಅವರಿಗೆ ಕಾಳು ಹೋಗುತ್ತಿತ್ತಂತೆ. ಅವರು ಹೋದ ಮೇಲೆ ಆ ಕೆಲಸ ಯಾರೂ ಹಿಡಿಯಲಿಲ್ಲ ಅಂದರು ಅಜ್ಜಿ. ನನ್ನ ಪ್ರಶ್ನೆಯೂ ಅದೇ: ಕಾಯುವವರಿಗೆ ಕೊಡುವ ಪಾಲು ನಿಂತರೆ ನಿಯಮ ಉಳಿಯುತ್ತದಾ?

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದೇನೆ, ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ನೀರಗಂಟಿಗೆ ಇಂಗ್ಲಿಷ್ ಪದ ಹುಡುಕಲು ಹೋಗಲಿಲ್ಲ. ಕೆರೆಯ ತೂಬು ಬರೆಯುವುದನ್ನು ಎರಡು ಸಲ ಅಭ್ಯಾಸ ಮಾಡಿದ್ದೇನೆ, ಸೀಮೆಸುಣ್ಣ ಕೇಳಬೇಕಾಗಿ ಬಂದರೆ ಇರಲಿ ಅಂತ.